ಟ್ಯೂಬ್ ಆಮೇಲೆ, ಮೊದಲು ಟ್ರಾನ್ಸ್‌ಫಾರ್ಮರ್

ಟ್ಯೂಬ್ ಆಂಪ್ಲಿಫೈಯರ್, ಅಂದರೆ ಗಾಜಿನ ಟ್ಯೂಬ್‌ಗಳಿಂದ ಹಾಡಿನ ಸದ್ದು ಹೆಚ್ಚಿಸಿ ಸ್ಪೀಕರ್‌ಗೆ ಕೊಡುವ ಪೆಟ್ಟಿಗೆ, ಕೊಳ್ಳಬೇಕು ಅಂದುಕೊಂಡವರು ಮೊದಲು ಕೇಳುವುದೇ ಟ್ಯೂಬ್ ಯಾವುದು ಅಂತ. 300ಬಿ ಒಳ್ಳೆಯದಾ, ಇಎಲ್34 ಒಳ್ಳೆಯದಾ? ಹಳೇ ಕಾಲದ ಟ್ಯೂಬ್ ಹುಡುಕಿ ತಂದು ಹಾಕಿದರೆ ಹೇಗೆ? ನಾನು ಹೇಳುವುದು ಒಂದೇ. ಮೊದಲು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ. ಹೊಳೆಯುವ ಗಾಜಿನ ಹಿಂದೆ ಕಪ್ಪಗೆ ಕೂತಿರುವ ಭಾರದ ಕಬ್ಬಿಣ ಇದೆಯಲ್ಲ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಹಣ ಹೋಗಬೇಕಾದದ್ದು ಅದಕ್ಕೆ.

ಆ ಕಿತ್ತಳೆ ಬೆಳಕಿಗೆ ಮರುಳಾಗುವವರು ಬಹಳ ಜನ. ಬೆಳಕಿನ ಅರ್ಥ ಒಳಗಿನ ತಂತಿ ಕಾದಿದೆ ಅಂತ ಅಷ್ಟೇ. ಅಗ್ಗದ ಕೆಲವು ಪೆಟ್ಟಿಗೆಗಳಲ್ಲಿ ಟ್ಯೂಬ್‌ನ ಕೆಳಗೆ ಎಲ್‌ಇಡಿ ಇಟ್ಟಿರುತ್ತಾರೆ, ಸ್ಪೀಕರ್ ನಡೆಸುವ ಕೆಲಸ ಮಾಡುವುದು ಒಂದು ಚಿಪ್. ಇದು ಕೊಳ್ಳುವವರಿಗೆ ಮಾಡುವ ಮೋಸ ಅಂತಲೇ ನನ್ನ ಅನಿಸಿಕೆ.

ಟ್ಯೂಬ್‌ನ ಕತೆ ದೊಡ್ಡದು. 1904ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ಲೆಮಿಂಗ್ ಎರಡು ತುದಿಗಳ ಟ್ಯೂಬ್ ಮಾಡಿದರು. ಎರಡು ವರ್ಷದ ನಂತರ ಅಮೆರಿಕದ ಸಂಶೋಧಕ ಲೀ ಡಿ ಫಾರೆಸ್ಟ್ ನಡುವೆ ಇನ್ನೊಂದು ತಂತಿ ತಂದು ಕೂರಿಸಿದರು. ಅದೇ ಗ್ರಿಡ್. ಕೆರೆಯ ತೂಬಿದ್ದ ಹಾಗೆ: ಗ್ರಿಡ್‌ಗೆ ಕೆಲವೇ ವೋಲ್ಟ್ ಏರಿಳಿತ ಕೊಟ್ಟರೆ ಹಿಂದಿನ ದೊಡ್ಡ ಹರಿವು ಅದರ ತಾಳಕ್ಕೆ ಕುಣಿಯುತ್ತದೆ. ವಿಚಿತ್ರ ಅಂದರೆ, ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಮಾಡಿದ ಡಿ ಫಾರೆಸ್ಟ್‌ಗೇ ಸರಿಯಾಗಿ ಗೊತ್ತಿರಲಿಲ್ಲ.

ತೊಡಕು ಇರುವುದು ಮುಂದೆ. ಟ್ಯೂಬ್ ಕೊಡುವುದು ನೂರಾರು ವೋಲ್ಟ್, ಕರೆಂಟ್ ಮಾತ್ರ ಚೂರೇ ಚೂರು. ಸ್ಪೀಕರ್ ಕೇಳುವುದು ಇದರ ಉಲ್ಟಾ. ಇವೆರಡನ್ನೂ ಹೊಂದಿಸುವುದೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್: ಒಂದೇ ಕಬ್ಬಿಣದ ಮೇಲೆ ಸುತ್ತಿದ ಎರಡು ತಂತಿ ಸುರುಳಿ. ಟ್ಯೂಬ್‌ಗೆ 5,000 ಓಮ್ ಲೋಡ್ (ಕರೆಂಟಿಗೆ ಎದುರಾಗುವ ತಡೆ) ಹಿತ ಅಂದುಕೊಳ್ಳಿ, ಸ್ಪೀಕರ್ 8 ಓಮ್. ನಡುವಿನ ಅಂತರ 625 ಪಟ್ಟು. ಸುತ್ತಿನ ಲೆಕ್ಕಕ್ಕೆ ಬೇಕಾದದ್ದು ಅದರ ವರ್ಗಮೂಲ, 25. ಅಂದರೆ ಟ್ಯೂಬ್ ಕಡೆ 25 ಸುತ್ತಿಗೆ ಸ್ಪೀಕರ್ ಕಡೆ ಒಂದು ಸುತ್ತು ತಂತಿ. ಸನ್ನೆಗೋಲು ನೆನಪಿಸಿಕೊಳ್ಳಿ. ಉದ್ದದ ತುದಿಯನ್ನು ಹಗುರವಾಗಿ ಮಾರುದ್ದ ಒತ್ತಿದರೆ, ಗಿಡ್ಡ ತುದಿ ಒಂದಿಷ್ಟೇ ಏಳುತ್ತದೆ, ಆದರೆ ಬಂಡೆಯನ್ನೇ ಎತ್ತುತ್ತದೆ. ಸೈಕಲ್ ಗೇರ್ ಕೂಡ ಇದೇ ಲೆಕ್ಕ.

ಆದರೆ ಈ ಸನ್ನೆಗೋಲು 20 ಹರ್ಟ್ಸ್‌ನಿಂದ (ಸೆಕೆಂಡಿಗೆ 20 ಅಲೆ, ಅತಿ ತಗ್ಗಿನ ಸ್ವರ) 20,000 ಹರ್ಟ್ಸ್‌ವರೆಗೆ ಬಾಗದೆ ಕೆಲಸ ಮಾಡಬೇಕು. ಕಬ್ಬಿಣದ ಕೋರ್ ಒಂದು ತೊಟ್ಟಿ ಅನ್ನಿ. ಪ್ರತಿ ಅರ್ಧ ಅಲೆಯಲ್ಲಿ ನಲ್ಲಿ ಬಿಟ್ಟ ಹಾಗೆ ಅದರಲ್ಲಿ ಕಾಂತತ್ವ ತುಂಬುತ್ತದೆ, ಮುಂದಿನ ಅರ್ಧದಲ್ಲಿ ಖಾಲಿಯಾಗುತ್ತದೆ. 80 ಹರ್ಟ್ಸ್ ಹೋಗಿ 40 ಹರ್ಟ್ಸ್ ಬಂದರೆ ನಲ್ಲಿ ಎರಡು ಪಟ್ಟು ಹೊತ್ತು ತೆರೆದಿರುತ್ತದೆ. ವೋಲ್ಟ್ ಅಷ್ಟೇ ಇದ್ದರೂ ತೊಟ್ಟಿ ಎರಡರಷ್ಟು ತುಂಬಬೇಕು. ಚಿಕ್ಕ ತೊಟ್ಟಿಯಾದರೆ ತುಂಬಿ ಚೆಲ್ಲುತ್ತದೆ, ಬಾಸ್, ಅಂದರೆ ತಗ್ಗಿನ ಸ್ವರ, ಒಡೆಯುತ್ತದೆ. ಒಂದೇ ಟ್ಯೂಬ್ ನಡೆಸುವ ಸಿಂಗಲ್ ಎಂಡೆಡ್‌ನಲ್ಲಿ ಕಷ್ಟ ಇನ್ನೂ ಜಾಸ್ತಿ. ಅಲ್ಲಿ ಹಾಡು ಇಲ್ಲದಾಗಲೂ ಕರೆಂಟ್ ಒಂದೇ ದಿಕ್ಕಿನಲ್ಲಿ ಹರಿಯುತ್ತಿರುವುದರಿಂದ ತೊಟ್ಟಿ ಆಗಲೇ ಅರ್ಧ ತುಂಬಿರುತ್ತದೆ. ಎರಡು ಟ್ಯೂಬ್ ಎದುರುಬದುರಾಗಿ ನಡೆಸುವ ಪುಷ್ ಪುಲ್‌ನಲ್ಲಿ ಸದಾ ಹರಿಯುವ ಈ ಕರೆಂಟಿನ ಎಳೆತ ಒಂದನ್ನೊಂದು ಹೊಡೆದುಹಾಕುತ್ತದೆ.

ಹಾಗಾದರೆ ಸುಮ್ನೆ ಕಬ್ಬಿಣವನ್ನೂ ಸುತ್ತನ್ನೂ ಹೆಚ್ಚಿಸಿದರಾಯಿತು, ಅಲ್ವಾ? ಆಗುವುದಿಲ್ಲ. ಸುತ್ತು ಹೆಚ್ಚಿದಷ್ಟೂ ಮೇಲಿನ ಸ್ವರಗಳು ಸೋರಿಹೋಗುತ್ತವೆ. ಅದಕ್ಕೇ ಎರಡು ಕಡೆಯ ತಂತಿಯನ್ನೂ ಪದರ ಪದರವಾಗಿ ಬೆರೆಸಿ ಸುತ್ತುತ್ತಾರೆ. ಇದು ತಾಳ್ಮೆಯ ಕೆಲಸ, ಬೆಲೆ ಏರುವುದೂ ಇಲ್ಲೇ. 1947ರಲ್ಲಿ ಇಂಜಿನಿಯರ್ ವಿಲಿಯಮ್‌ಸನ್ ಬ್ರಿಟನ್ನಿನ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ತಮ್ಮ 15 ವ್ಯಾಟ್ ಆಂಪ್ಲಿಫೈಯರ್ ವಿನ್ಯಾಸ ಪ್ರಕಟಿಸಿದಾಗ, ಟ್ರಾನ್ಸ್‌ಫಾರ್ಮರ್ ಹೇಗಿರಬೇಕು ಅನ್ನುವುದರಲ್ಲಿ ಬಹಳ ಕಟ್ಟುನಿಟ್ಟಾಗಿದ್ದರು.

ಒಮ್ಮೆ ನಾನೇ ಎರಡು ಆಂಪ್ಲಿಫೈಯರ್‌ಗಳ ಇಎಲ್34 ಟ್ಯೂಬ್‌ಗಳನ್ನು ಅದಲು ಬದಲು ಮಾಡಿ, ಬಯಾಸ್ (ಹಾಡಿಲ್ಲದಾಗ ಟ್ಯೂಬ್‌ನಲ್ಲಿ ಎಷ್ಟು ಕರೆಂಟ್ ಹರಿಯಬೇಕು ಅನ್ನುವ ಹೊಂದಿಕೆ) ಸರಿಪಡಿಸಿ ಕೇಳಿದೆ. ಟ್ಯೂಬ್‌ಗಳು ಜಾಗ ಬದಲಿಸಿದವು. ತೆಳ್ಳಗಿನ ಬಾಸ್ ಮಾತ್ರ ತನ್ನ ಪೆಟ್ಟಿಗೆಯಲ್ಲೇ ಉಳಿಯಿತು.

ವ್ಯಾಟ್ ವಿಷಯಕ್ಕೆ ಬಂದರೆ, ಅದನ್ನು ಸ್ಪೀಕರ್ ಜೊತೆ ಸೇರಿಸಿ ನೋಡಿ. ಒಂದು ವ್ಯಾಟ್‌ಗೆ ಸ್ಪೀಕರ್ ಎಷ್ಟು ಸದ್ದು ಕೊಡುತ್ತದೆ ಅನ್ನುವುದೇ ಅದರ ಸಂವೇದನೆ. 94 ಡೆಸಿಬೆಲ್ ಸಂವೇದನೆಯ ಸ್ಪೀಕರ್‌ಗೆ 300ಬಿ ಕೊಡುವ ಸುಮಾರು 8 ವ್ಯಾಟ್ ಸಾಕೆನಿಸಿದರೆ, 88 ಡೆಸಿಬೆಲ್‌ನ ಸ್ಪೀಕರ್ ಅಷ್ಟೇ ಸದ್ದಿಗೆ 32 ವ್ಯಾಟ್ ಕೇಳುತ್ತದೆ. ಸ್ಪೀಕರ್ ಜೋಡಿಸದೆ ಹಾಡು ಹಾಕಬೇಡಿ, ಟ್ರಾನ್ಸ್‌ಫಾರ್ಮರ್ ಸುಟ್ಟುಹೋದೀತು. ಸ್ವಿಚ್ ಆರಿಸಿದರೂ ವಿದ್ಯುತ್ ಕೂಡಿಡುವ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟ್ ಉಳಿದಿರಬಹುದು. ತಳ ಬಿಚ್ಚಲು ಹೋಗಬೇಡಿ.

ಮಾರುವವರನ್ನು ಒಂದು ಪ್ರಶ್ನೆ ಕೇಳಿ: ಈ ವ್ಯಾಟ್ ಯಾವ ಹರ್ಟ್ಸ್‌ನಲ್ಲಿ ಅಳೆದದ್ದು? 1,000 ಹರ್ಟ್ಸ್‌ನಲ್ಲಿ ಪೂರ್ತಿ ವ್ಯಾಟ್ ಕೊಡುವುದು ಸುಲಭ. 30 ಹರ್ಟ್ಸ್‌ನಲ್ಲಿ ಎಷ್ಟು ಅಂತ ಹೇಳಲಿ. ಆಮೇಲೆ ಬಾಸ್ ಗಿಟಾರ್ ಮತ್ತು ಒಂಟಿ ದನಿ ಎರಡೂ ಇರುವ ಹಾಡು ಹಾಕಿಸಿ, ಸದ್ದು ಏರಿಸಿ. ಕಿವಿ ಬಾಸ್ ಮೇಲೆ ಬೇಡ, ಹಾಡುವವರ ದನಿಯ ಮೇಲೆ ಇರಲಿ. ತೊಟ್ಟಿ ಚೆಲ್ಲಿದರೆ ಪ್ರತಿ ಬಾಸ್ ಪೆಟ್ಟಿಗೂ ಆ ದನಿ ಒಂದು ಕ್ಷಣ ಮಸುಕಾಗುತ್ತದೆ.