ಸ್ಕೋರ್ ನಿಂತೇ ಹೋಯ್ತು ಸರ್!

ಏರ್ ಪಿಸ್ತೂಲು ಕಲಿಯಲು ಬಂದವರಿಗೆ ಮೊದಲ ಕೆಲವು ತಿಂಗಳು ನಾನು ಹುರುಪು ತುಂಬಬೇಕಾಗಿಲ್ಲ. ಆ ಕೆಲಸ ಸ್ಕೋರೇ ಮಾಡುತ್ತದೆ. 600ಕ್ಕೆ 420, 470, 510 ಅಂತ ಏರುತ್ತಲೇ ಇರುತ್ತದೆ. 530ರ ಹತ್ತಿರ ಬಂದಾಗ ಗಾಡಿ ನಿಲ್ಲುತ್ತದೆ. ನಮ್ಮ ಅಸಲಿ ಕೆಲಸ ಶುರುವಾಗುವುದೇ ಆಗ.

ಕಳೆದ ವರ್ಷ ಬ್ಯಾಂಕ್ ಕೆಲಸದಲ್ಲಿರುವ ಒಬ್ಬರು ಹೀಗೇ ಸಿಕ್ಕಿಕೊಂಡಿದ್ದರು. ನಾಲ್ಕು ತಿಂಗಳು 528, 534, ಮತ್ತೆ 529. "ನನ್ನ ಕೈಲಿ ಆಗಲ್ಲ ಅನ್ಸುತ್ತೆ ಸರ್. ದಿನಾ ಬಂದು ಸುಮ್ನೆ ಪೆಲೆಟ್ ಹಾಳು ಮಾಡ್ತಿದೀನಿ" ಅಂದರು. ಪೆಲೆಟ್ ಅಂದರೆ ಏರ್ ಪಿಸ್ತೂಲಿನ ಪುಟ್ಟ ಗುಂಡು. ಸ್ಫೂರ್ತಿ ತುಂಬುವ ವಿಡಿಯೊಗಳನ್ನೂ ನೋಡಿದ್ದರಂತೆ. ಅದನ್ನು ನೋಡಿ ಬಂದವರ ಕೈ ರೇಂಜಿನಲ್ಲಿ ಇನ್ನೂ ಜಾಸ್ತಿ ನಡುಗುವುದನ್ನು ನಾನು ಕಂಡಿದ್ದೇನೆ!

ಅವರು ಹೊಡೆದ ಗುರಿಯ ಕಾರ್ಡ್ ಒಂದನ್ನು ತೆಗೆದು ಮೇಜಿನ ಮೇಲಿಟ್ಟೆ. ಹತ್ತು ತೂತು. ಅದರಲ್ಲಿ ಏಳು, ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಷ್ಟು ಒತ್ತಾಗಿ ಕೂತಿದ್ದವು. ಉಳಿದ ಮೂರು ಕೆಳಗೆ, ಎಡಕ್ಕೆ, ಏಳು ಅಂಕದ ಗೆರೆಯ ಹತ್ತಿರ. ಬಲಗೈಯವರ ಕಾರ್ಡಿನಲ್ಲಿ ಹೀಗೆ ಬಿದ್ದರೆ ನನ್ನ ಮೊದಲ ಅನುಮಾನ ಟ್ರಿಗರ್ ಎಳೆಯುವ ಬೆರಳಿನ ಮೇಲೆ.

ಲೆಕ್ಕ ನೋಡಿ. ಹತ್ತು ಮೀಟರ್ ದೂರದಲ್ಲಿರುವ ಹತ್ತು ಅಂಕದ ವೃತ್ತದ ಅಗಲ 11.5 ಮಿ.ಮೀ., ಅಂಗಿ ಗುಂಡಿಯಷ್ಟು. ಕೈ ಅಲುಗದವರು ಯಾರೂ ಇಲ್ಲ. ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಎರಡು ಸೈಟು ಇರುತ್ತವೆ: ಮುಂದೆ ಒಂದು ಕಡ್ಡಿ, ಹಿಂದೆ ಒಂದು ಸಂದಿ. ಇವೆರಡೂ ಒಂದಕ್ಕೊಂದು ಸರಿಯಾಗಿದ್ದು ಇಡೀ ಕೈ 5 ಮಿ.ಮೀ. ಪಕ್ಕಕ್ಕೆ ಸರಿದರೆ ಪೆಲೆಟ್ಟೂ ಅಷ್ಟೇ ಸರಿಯುತ್ತದೆ, ಆಗಲೂ ಹತ್ತೇ ಬೀಳುತ್ತದೆ. ಆದರೆ ಮುಂದಿನ ಸೈಟು ಹಿಂದಿನದರ ಸಂದಿಯಲ್ಲಿ ಬರೀ 1 ಮಿ.ಮೀ. ವಾಲಿದರೆ? ಎರಡು ಸೈಟುಗಳ ನಡುವೆ ಸುಮಾರು 33 ಸೆಂ.ಮೀ. ಇರುತ್ತದೆ. ಗುರಿ ಅದರ ಮೂವತ್ತು ಪಟ್ಟು ದೂರ. ಅಂದರೆ ಆ ಒಂದು ಮಿಲಿಮೀಟರ್ ಅಲ್ಲಿ ಮೂರು ಸೆಂಟಿಮೀಟರ್ ಆಗಿ ಏಳಕ್ಕೆ ಹೋಗುತ್ತದೆ. ನಮ್ಮವರು ಇಷ್ಟು ದಿನ ಕೈ ನಡುಕದ ಜೊತೆ ಜಗಳ ಆಡುತ್ತಿದ್ದರು. ತಪ್ಪು ಮಾಡುತ್ತಿದ್ದದ್ದು ಬೆರಳು.

ಎರಡು ವಾರ ಸ್ಕೋರ್ ಲೆಕ್ಕ ಹಾಕಬೇಡಿ ಅಂದೆ. ದಿನಾ ಇಪ್ಪತ್ತು ನಿಮಿಷ ಬಿಳಿ ಗೋಡೆ ಮುಂದೆ ಡ್ರೈ ಫೈರ್, ಅಂದರೆ ಖಾಲಿ ಪಿಸ್ತೂಲಿನ ಟ್ರಿಗರ್ ಎಳೆಯುವುದು. ಒಳಗೆ ಪೆಲೆಟ್ ಇಲ್ಲ ಅಂತ ಎರಡು ಸಲ ನೋಡಿಕೊಂಡೇ. ಟ್ರಿಗರ್ ಟಕ್ ಅಂದಾಗ ಮುಂದಿನ ಸೈಟು ಕದಲಿತಾ ಇಲ್ವಾ, ಅಷ್ಟೇ ನೋಡುವುದು. ಆಮೇಲೆ ಕಾರ್ಡನ್ನು ತಿರುಗಿಸಿ, ಖಾಲಿ ಬದಿಗೆ ಹೊಡೆಯುವುದು. ವೃತ್ತ ಕಾಣದಿದ್ದರೆ ಹತ್ತರ ಆಸೆ ತಾನಾಗಿ ಕಡಿಮೆ ಆಗುತ್ತದೆ, ಅಲ್ವಾ?

ಒಂದು ನೋಟ್‌ಬುಕ್ಕನ್ನೂ ಕೊಟ್ಟೆ. ಪ್ರತಿ ಹೊಡೆತದ ನಂತರ ಕಾರ್ಡ್ ವಾಪಸ್ ಬರುವ ಮುನ್ನ, ಪೆಲೆಟ್ ಎಲ್ಲಿ ಬಿತ್ತು ಅಂತ ಬರೆಯಬೇಕು. ನಂತರ ತಾಳೆ ನೋಡಬೇಕು. ಹತ್ತು ಹೊಡೆತದಲ್ಲಿ ಎಷ್ಟು ಸಲ ಸರಿಯಾಗಿ ಹೇಳಿದಿರಿ, ಇದೇ ಈಗ ನಿಮ್ಮ ಸ್ಕೋರ್. ಹುರುಪಿಗೂ ಮೇವು ಬೇಕು ನೋಡಿ. ಸ್ಕೋರ್ ಕದಲಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಈ ಲೆಕ್ಕ ವಾರದಲ್ಲೇ ಏರುತ್ತದೆ.

ಸ್ಕೋರ್ ಎಂಥ ಚಂಚಲ ಅನ್ನುವುದಕ್ಕೆ 2024ರ ಪ್ಯಾರಿಸ್ ಒಲಿಂಪಿಕ್ಸ್ ಸಾಕು. 10 ಮೀಟರ್ ಏರ್ ಪಿಸ್ತೂಲಿನಲ್ಲಿ ಸರಬ್ಜೋತ್ ಸಿಂಗ್ 577 ಹೊಡೆದರು. ಎಂಟನೆಯವರದ್ದೂ 577. ಹತ್ತರ ಒಳಗಿನ ಪುಟ್ಟ ವೃತ್ತಕ್ಕೆ ಬಿದ್ದ ಹೊಡೆತ ಒಂದೇ ಒಂದು ಕಡಿಮೆ ಆಗಿ ಒಂಬತ್ತನೆಯವರಾದರು, ಫೈನಲ್ ತಪ್ಪಿತು. ಮೂರು ದಿನದ ನಂತರ ಮನು ಭಾಕರ್ ಜೊತೆ ಮಿಶ್ರ ತಂಡದಲ್ಲಿ ಕಂಚು ಗೆದ್ದರು. ಆ 577 ಕೆಟ್ಟ ಶೂಟಿಂಗ್ ಆಗಿತ್ತಾ?

ಮೂರನೇ ವಾರ ನಮ್ಮ ಬ್ಯಾಂಕಿನವರು ಹೊಡೆದು, ಪಿಸ್ತೂಲು ಕೆಳಗಿಟ್ಟು, "ಎಂಟು ಸರ್. ಕೆಳಗೆ, ಎಡಕ್ಕೆ. ಬೆರಳು ಗಾಬರಿ ಆಯ್ತು" ಅಂದರು. ಕಾರ್ಡ್ ಬಂತು. ಎಂಟು. ಕೆಳಗೆ, ಎಡಕ್ಕೆ. ಹತ್ತು ಬಿದ್ದಾಗಲೂ ಅವರು ಅಷ್ಟು ಖುಷಿಯಾಗಿ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಆ ದಿನದ ಮೊತ್ತ ಎಷ್ಟು ಅಂತ ಅವರೂ ಕೂಡಲಿಲ್ಲ, ನಾನೂ ಕೇಳಲಿಲ್ಲ.