ಮಾವನಿಗೆ ಸೊಸೆಯ ಮಾತು ಯಾಕೆ ಕೇಳಿಸುವುದಿಲ್ಲ?

"ಅವ್ರಿಗೆ ಎಲ್ಲಾ ಕೇಳಸ್ತದರಿ ಮೇಡಂ. ಬೇಕಂತನ ಮಾಡ್ತಾರ. ಮಗ ಹೊರಗಿಂದ ಕರದ್ರ ಓ ಅಂತಾರ. ನಾ ಎದುರಿಗೆ ನಿಂತು ಕೇಳಿದ್ರೂ ಹಾಂ, ಏನಂದಿ ಅಂತಾರ."

ಹುಬ್ಬಳ್ಳಿಯ ನನ್ನ ಕೋಣೆಯಲ್ಲಿ ವಾರಕ್ಕೆ ಎರಡು ಸಲವಾದರೂ ಈ ಮಾತು ಬರುತ್ತದೆ. ಹೇಳುವವರು ಸೊಸೆ, ಇಲ್ಲವೇ ಹೆಂಡತಿ. ಪಕ್ಕದ ಕುರ್ಚಿಯಲ್ಲಿ ಕೂತ ಹಿರಿಯರು ನೆಲ ನೋಡುತ್ತಿರುತ್ತಾರೆ. ಮಾತು ಪೂರ್ತಿ ತಿಳಿದಿರುವುದಿಲ್ಲ, ಆದರೆ ತಮ್ಮ ಮೇಲೆ ದೂರು ಹೇಳುತ್ತಿದ್ದಾರೆ ಅನ್ನುವುದಂತೂ ತಿಳಿದಿರುತ್ತದೆ.

ನಾನು ಆಡಿಯಾಲಜಿಸ್ಟ್. ಕಿವಿಯ ರೋಗಕ್ಕೆ ಔಷಧ ಕೊಡುವವರು ಇಎನ್‌ಟಿ ವೈದ್ಯರು. ಎಷ್ಟು ಕೇಳಿಸುತ್ತದೆ ಅಂತ ಅಳೆಯುವುದು, ಬೇಕಾದವರಿಗೆ ಕಿವಿಗೆ ಹಾಕಿಕೊಳ್ಳುವ ಮಶೀನ್ ಹೊಂದಿಸಿ ಕೊಡುವುದು ನನ್ನ ಕೆಲಸ. ಬೇಕಂತಲೇ ಕೇಳಿಸದ ಹಾಗೆ ಇರುವ ಹಿರಿಯರನ್ನು ನಾನು ಕಂಡಿದ್ದು ಬಹಳ ಕಡಿಮೆ. ಮಗನ ಮಾತು ತಿಳಿದು ಸೊಸೆಯ ಮಾತು ತಿಳಿಯದೆ ಹೋಗುವುದಕ್ಕೆ ಕಾರಣ ಕಿವಿಯ ಒಳಗೇ ಇದೆ. ಅದನ್ನು ಎಷ್ಟು ಸಲ ಹೇಳಿದರೂ ಮನೆಯವರು ಎದ್ದು ಹೋಗುವಾಗ ಕೇಳುವುದು ಒಂದೇ: "ಅಂದ್ರ ಸ್ವಲ್ಪ ಜೋರ್ ಮಾತಾಡಬೇಕು, ಹೌದಲ್ರಿ?"

ಅಲ್ಲ. ದಯವಿಟ್ಟು ಇದೊಂದನ್ನು ಕೂತು ಕೇಳಿ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ ಕೊಳವೆ ಇದೆ. ಅದರೊಳಗೆ ಸಾಲಾಗಿ ಸುಮಾರು 15,000 ಸೂಕ್ಷ್ಮ ಕೋಶಗಳು. ಅವುಗಳ ತಲೆಯ ಮೇಲೆ ಕೂದಲಿನಂಥ ಎಳೆಗಳಿರುವುದರಿಂದ ಕೂದಲು ಕೋಶ ಅನ್ನುತ್ತೇವೆ. ಕೊಳವೆಯ ಬಾಗಿಲ ಹತ್ತಿರದ ಕೋಶಗಳು ಸಣ್ಣ, ಚೂಪಾದ ದನಿಗಳನ್ನು ಹಿಡಿಯುತ್ತವೆ. ಒಳತುದಿಯವು ದಪ್ಪ ದನಿಗಳನ್ನು ಹಿಡಿಯುತ್ತವೆ. ವಯಸ್ಸಿಗಾಗಲಿ, ಗದ್ದಲಕ್ಕಾಗಲಿ ಸಾಮಾನ್ಯವಾಗಿ ಮೊದಲು ಸಾಯುವುದು ಬಾಗಿಲ ಕಡೆಯವು. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಈಗ ನಮ್ಮ ಕನ್ನಡವನ್ನೇ ನೋಡಿ. ದನಿ ಎಷ್ಟು ದಪ್ಪ, ಎಷ್ಟು ಚೂಪು ಅಂತ ಅಳೆಯುವುದು ಹರ್ಟ್ಸ್‌ನಲ್ಲಿ, ಅಂಕಿ ಏರಿದಷ್ಟೂ ದನಿ ಚೂಪು. ಆ, ಊ, ಓ ಇಂಥ ಸ್ವರಗಳ ಬಲ ಬಹುತೇಕ 1000 ಹರ್ಟ್ಸ್‌ನ ಆಸುಪಾಸಿನಲ್ಲಿ ಮತ್ತು ಅದರ ಕೆಳಗೆ ಇರುತ್ತದೆ. ಸ ಅನ್ನುವ ಅಕ್ಷರದ ಸದ್ದು 4000 ಹರ್ಟ್ಸ್‌ಗಿಂತ ಮೇಲೆ ಹೋಗುತ್ತದೆ. ಕ, ತ, ಪ, ಹ ಇವೆಲ್ಲ ಮೊದಲೇ ಮೆತ್ತಗಿನ ಅಕ್ಷರಗಳು, ಉಸಿರಿನಷ್ಟೇ. ಕಿವಿಗೆ ಸ್ವರ ಸಿಕ್ಕು ವ್ಯಂಜನ ಸಿಗದೆ ಹೋದರೆ ಏನಾಗುತ್ತದೆ? ಕಾಲು, ಹಾಲು, ಸಾಲು, ಪಾಲು ನಾಲ್ಕೂ ಒಂದೇ ಆಗುತ್ತವೆ. ಯಾರೋ ಏನೋ ಅಂದರು ಅಂತ ಗೊತ್ತಾಗುತ್ತದೆ. ಏನಂದರು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಹಿರಿಯರು ಹೇಳುತ್ತಾರಲ್ಲ, "ಕೇಳಸ್ತದ, ಆದ್ರ ತಿಳಿಯಂಗಿಲ್ಲ" ಅಂತ. ನನ್ನ ಪಠ್ಯಪುಸ್ತಕದಲ್ಲಿ ಮೂರು ಪುಟ ಬರೆದಿದ್ದನ್ನು ಅವರು ಮೂರು ಮಾತಿನಲ್ಲಿ ಹೇಳಿಬಿಡುತ್ತಾರೆ.

ಗಂಡಸರ ದನಿ ದಪ್ಪ, ಹೊರಗಿಂದ ಕರೆದರೂ ಸಿಗುತ್ತದೆ. ಹೆಂಗಸರ, ಮಕ್ಕಳ ದನಿ ಸಣ್ಣ. ಸೊಸೆ ಮಾತಾಡುವುದು ಹೆಚ್ಚಾಗಿ ಅಡುಗೆಮನೆಯಿಂದ, ಬೆನ್ನು ಮಾಡಿ, ಮಿಕ್ಸರ್ ತಿರುಗುವಾಗ, ಕುಕ್ಕರ್ ಕೂಗುವಾಗ. ಮಗ ಮಾತಾಡುವುದು ಹೆಚ್ಚಾಗಿ ಎದುರು ಬಂದು ಕೂತು. ಇಷ್ಟೇ ಕಾರಣ. ಇದಕ್ಕಾಗಿ ಎಷ್ಟು ಮನೆಗಳಲ್ಲಿ ಮನಸ್ಸು ಮುರಿದಿವೆ ಅಂತ ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮೊಮ್ಮಗಳು ಶಾಲೆಯ ಸುದ್ದಿ ಹೇಳುತ್ತಾಳೆ, ಅಜ್ಜ ಸುಮ್ನೆ ನಗುತ್ತಾರೆ. ನಾಲ್ಕು ದಿನ ಹೀಗಾದ ಮೇಲೆ ಆ ಮಗು ಹೇಳುವುದನ್ನೇ ಬಿಟ್ಟುಬಿಡುತ್ತದೆ.

ಜೋರಾಗಿ ಕೂಗಿದರೆ ಆಗುವುದೇನು? ಕೂಗಿದಾಗ ಸ್ವರ ಜೋರಾಗುತ್ತದೆ, ವ್ಯಂಜನ ಅಷ್ಟು ಜೋರಾಗುವುದಿಲ್ಲ. ನೀವೇ ಸ ಅನ್ನುವುದನ್ನು ಕಿರುಚಿ ನೋಡಿ, ಆಗುತ್ತದಾ? ಅಂದರೆ ಅವರಿಗೆ ಮೊದಲೇ ಸಿಗುತ್ತಿದ್ದದ್ದು ಇನ್ನೂ ಜಾಸ್ತಿ ಸಿಗುತ್ತದೆ, ಸಿಗದೇ ಇದ್ದದ್ದು ಹಾಗೇ ಉಳಿಯುತ್ತದೆ. ಇನ್ನೊಂದು ತೊಂದರೆಯೂ ಇದೆ. ಕೂದಲು ಕೋಶ ಹಾಳಾದ ಕಿವಿಗೆ ಮೆಲ್ಲಗಿನ ಸದ್ದು ಕೇಳಿಸುವುದಿಲ್ಲ, ಜೋರಿನ ಸದ್ದು ತಡೆಯಲಾಗುವುದಿಲ್ಲ. ನಡುವಿನ ಜಾಗ ಕಿರಿದಾಗಿರುತ್ತದೆ. ಮೆಲ್ಲಗೆ ಅಂದರೆ "ಏನಂದ್ಯವಾ?" ಜೋರಾಗಿ ಅಂದರೆ "ಯಾಕ ಒದರ್ತಿ? ನಾ ಏನ್ ಕಿವುಡ ಅದೀನೇನು?" ಎರಡೂ ಒಂದೇ ನಿಮಿಷದಲ್ಲಿ. ಇದು ಹಟ ಅಲ್ಲ. ಕಿವಿ ಹಾಗಾಗಿದೆ.

ಪರೀಕ್ಷೆಯಾದ ಮೇಲೆ ನಾನು ಮನೆಯವರ ಮುಂದೆಯೇ ಒಂದು ಕೆಲಸ ಮಾಡುತ್ತೇನೆ. ಬಾಯಿಗೆ ಅಡ್ಡ ಒಂದು ಹಾಳೆ ಹಿಡಿದು ಮಾಮೂಲಿ ದನಿಯಲ್ಲಿ ಪದ ಹೇಳುತ್ತೇನೆ, ಅಜ್ಜಾರು ಹೇಳಿದ್ದನ್ನು ತಿರುಗಿ ಹೇಳಬೇಕು. ಕಟ್ಟೆ ಅಂದರೆ ಪಟ್ಟೆ ಅನ್ನುತ್ತಾರೆ. ತಟ್ಟೆ ಅಂದರೆ ಸ್ವಲ್ಪ ಯೋಚಿಸಿ ಕಟ್ಟೆ ಅನ್ನುತ್ತಾರೆ. ಹಾಳೆ ತೆಗೆದು ಮುಖ ತೋರಿಸಿ, ಅದೇ ದನಿಯಲ್ಲಿ, ಒಂಚೂರು ನಿಧಾನವಾಗಿ ಹೇಳುತ್ತೇನೆ. ಹತ್ತರಲ್ಲಿ ನಾಲ್ಕು ಸರಿ ಹೇಳಿದವರು ಏಳೆಂಟು ಸರಿ ಹೇಳುವುದುಂಟು. ಪಕ್ಕದಲ್ಲಿ ಕೂತ ಸೊಸೆಯ ಮುಖ ಆಗ ನೋಡಬೇಕು. ಮೊನ್ನೆ ಒಬ್ಬ ಹೆಣ್ಣುಮಗಳು ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು. ಆರು ವರ್ಷದಿಂದ ಅವರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ ಅಂದಳು.

ಮಶೀನ್ ವಿಚಾರಕ್ಕೆ ಬರುತ್ತೇನೆ. ಮಗ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಒಂದು ತರಿಸಿರುತ್ತಾನೆ. ಪ್ರೀತಿಯಿಂದಲೇ ತರಿಸಿರುತ್ತಾನೆ, ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಅಂಥವುಗಳಲ್ಲಿ ಎಷ್ಟೋ ಎಲ್ಲ ಸದ್ದನ್ನೂ ಒಂದೇ ಸಮ ಏರಿಸುವ ಡಬ್ಬಿಗಳು. ಪಾತ್ರೆಯ ಸದ್ದು ಮಿದುಳಿಗೆ ಚುಚ್ಚುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ. ಸರಿಯಾದ ಮಶೀನ್ ಅಂದರೆ ಯಾವ ದನಿ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷೆಯಲ್ಲಿ ಬರೆದ ಆ ವ್ಯಕ್ತಿಯ ಗ್ರಾಫ್ ನೋಡಿ ಎಲ್ಲಿ ಕಡಿಮೆಯಾಗಿದೆಯೋ ಅಲ್ಲಿ ಮಾತ್ರ ಜಾಸ್ತಿ ಕೊಟ್ಟು, ಜೋರಿನ ಸದ್ದಿಗೆ ಮೇಲೊಂದು ಗಡಿ ಹಾಕಿದ್ದು. ಅಷ್ಟಾದರೂ ಹಳೇ ಕಿವಿ ವಾಪಸ್ ಬರುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ಎಷ್ಟು ಕೋಶ ಉಳಿದಿವೆ, ಎಷ್ಟು ವರ್ಷ ತಡ ಮಾಡಿದ್ದಾರೆ, ಇದರ ಮೇಲೆ ಹೋಗುತ್ತದೆ. ದುಡ್ಡಿನ ತೊಂದರೆ ಇದ್ದವರು ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯ ಬಗ್ಗೆ ವಿಚಾರಿಸಿ. ಆದಾಯದ ಮಿತಿಯೊಳಗೆ ಬರುವವರಿಗೆ ನೆರವು ಇದೆ.

ಮಶೀನ್ ಕೊಟ್ಟು ಕಳಿಸಿ ಎರಡು ತಿಂಗಳಾದ ಮೇಲೆ ಫೋನ್ ಮಾಡುತ್ತೇನೆ. "ಚಲೋ ಅದರಿ, ತಿಜೋರಿಯೊಳಗ ಇಟ್ಟೀವಿ. ಮದುವಿ-ಮುಂಜಿಗೆ ಹೋಗಬೇಕಾದ್ರ ಹಾಕ್ಕೋತಾರ." ಬಂಗಾರದ ಪಕ್ಕದಲ್ಲಿ! ಇಷ್ಟು ಜತನ ಮಾಡುವವರ ಮೇಲೆ ಸಿಟ್ಟಾಗುವುದು ಹೇಗೆ? ಆದರೂ ಆಗುತ್ತದೆ. ಮದುವೆಮನೆಯಲ್ಲಿ ಬ್ಯಾಂಡು, ಮೈಕು, ಐನೂರು ಜನರ ಮಾತು. ಈಜು ಬರದವರನ್ನು ಮೊದಲ ದಿನವೇ ತುಂಬಿದ ಹೊಳೆಗೆ ಇಳಿಸಿದ ಹಾಗೆ. ಅಜ್ಜಾರು ಅಲ್ಲೇ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ, ಆಮೇಲೆ ಮುಟ್ಟುವುದಿಲ್ಲ. ವರ್ಷಗಟ್ಟಲೆ ಸಣ್ಣ ದನಿ ಕೇಳದ ಮಿದುಳಿಗೆ ಅವನ್ನು ಮತ್ತೆ ಗುರುತು ಹಿಡಿಯಲು ವಾರಗಳು ಬೇಕು. ಮೊದಲು ಮನೆಯಲ್ಲಿ, ಒಬ್ಬರ ಜೊತೆ, ದಿನಕ್ಕೆ ಎರಡು ತಾಸು. ಫ್ಯಾನಿನ ಸದ್ದು, ಪೇಪರ್ ಮಡಚುವ ಸರಸರ, ತಮ್ಮದೇ ಚಪ್ಪಲಿಯ ಸದ್ದು ಎಲ್ಲಾ ಜಾಸ್ತಿ ಅನ್ನಿಸುತ್ತದೆ. ಅನ್ನಿಸಲಿ. ನಿಧಾನವಾಗಿ ಹೊತ್ತು ಹೆಚ್ಚಿಸಿ, ಎದ್ದಾಗಿನಿಂದ ಮಲಗುವ ತನಕ ಹಾಕಿಕೊಳ್ಳುವಂತಾಗಬೇಕು.

ಇನ್ನು ಕಿವಿ ಹೋಗುವ ಮೊದಲಿನ ಮಾತು. ಬೆಟಗೇರಿಯಿಂದ ಒಬ್ಬ ನೇಕಾರರು ಬರುತ್ತಾರೆ. ಮೂವತ್ತು ವರ್ಷ ಪವರ್‌ಲೂಮ್ ನಡೆಸಿದವರು. ಅವರ ಗ್ರಾಫ್ 4000 ಹರ್ಟ್ಸ್ ಹತ್ತಿರ ಬಾವಿಗೆ ಇಳಿದ ಹಾಗೆ ಇಳಿದು ಮತ್ತೆ ಸ್ವಲ್ಪ ಮೇಲೇರುತ್ತದೆ. ಗದ್ದಲದಿಂದ ಹಾಳಾದ ಕಿವಿಯಲ್ಲಿ ಸಾಮಾನ್ಯವಾಗಿ ಕಾಣುವ ಗುರುತು ಅದು. "ಮೊದಲ ವರ್ಷ ಮಗ್ಗದ ಸಪ್ಪಳ ತಲಿಗೆ ಹೊಡೀತಿತ್ತರಿ. ಆಮ್ಯಾಲೆ ಅಭ್ಯಾಸ ಆತು" ಅಂದರು. ಕಿವಿಗೆ ಅಭ್ಯಾಸ ಅನ್ನುವುದು ಇಲ್ಲ. ಕಣ್ಣಿಗೆ ರೆಪ್ಪೆ ಇದ್ದ ಹಾಗೆ ಕಿವಿಗೆ ಮುಚ್ಚಳವೂ ಇಲ್ಲ. ಅವರು ಅಭ್ಯಾಸ ಅಂದುಕೊಂಡಿದ್ದರಲ್ಲಿ ಒಂದಿಷ್ಟು ಪಾಲು ಕೇಳುವಿಕೆಯೇ ಕಡಿಮೆಯಾದದ್ದು.

ಸದ್ದು ಎಷ್ಟು ಜೋರು ಅಂತ ಅಳೆಯುವುದು ಡೆಸಿಬೆಲ್‌ನಲ್ಲಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ತಾಸು, ಅದು ಸಾಮಾನ್ಯವಾಗಿ ಹೇಳುವ ಮಿತಿ. ಅಲ್ಲಿಂದ 3 ಡೆಸಿಬೆಲ್ ಏರಿದರೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ತಾಸು, 91ಕ್ಕೆ 2 ತಾಸು. 100 ತಲುಪಿದರೆ ಉಳಿಯುವುದು 15 ನಿಮಿಷ. ಗಣಪತಿ ಮೆರವಣಿಗೆಯಲ್ಲಿ ಡಿಜೆ ಪೆಟ್ಟಿಗೆಯ ಮುಂದೆ ಎರಡು ತಾಸು ಕುಣಿಯುವ ಹುಡುಗರು ಲೆಕ್ಕ ಹಾಕಿಕೊಳ್ಳಲಿ. ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಅಂದರೆ ಕೋಶಗಳಿಗೆ ಪೆಟ್ಟು ಬಿದ್ದಿದೆ ಅಂತ ಅರ್ಥ. ಬೆಳಿಗ್ಗೆ ನಿಂತಿತು ಅಂತ ಪೆಟ್ಟು ಪೂರ್ತಿ ವಾಸಿಯಾಯಿತು ಅನ್ನಲಾಗುವುದಿಲ್ಲ. ಅಳತೆ ಯಂತ್ರ ಬೇಕಿಲ್ಲ, ತೋಳಳತೆಯಲ್ಲಿ ನಿಂತವರ ಜೊತೆ ದನಿ ಎತ್ತಿ ಮಾತಾಡಬೇಕಾದರೆ ಆ ಜಾಗ ಕಿವಿಗೆ ಒಳ್ಳೆಯದಲ್ಲ.

ಹತ್ತಿ ತುರುಕಿಕೊಂಡರೆ ಸಾಲದು. ಸ್ಪಂಜಿನ ಇಯರ್‌ಪ್ಲಗ್ ಬಹಳ ಅಗ್ಗ. ಬೆರಳಲ್ಲಿ ಹೊಸೆದು ಎಳೆ ಬತ್ತಿಯಷ್ಟು ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ಹಾಕಿ, ಅದು ಉಬ್ಬುವ ತನಕ ಬೆರಳಿಂದ ಒತ್ತಿ ಹಿಡಿಯಬೇಕು. ಆ ನೇಕಾರರ ಮಗ ಈಗ ಮಗ್ಗಕ್ಕೆ ಕೂರುತ್ತಾನೆ. ನನ್ನ ಮುಂದೆ ಮೂರು ಸಲ ಹಾಕಿ ತೋರಿಸಿದ ಮೇಲೆಯೇ ಅವನನ್ನು ಕಳಿಸಿದೆ.

ಒಂದು ಎಚ್ಚರಿಕೆ. ಇಲ್ಲಿ ಹೇಳಿದ್ದೆಲ್ಲ ನಿಧಾನವಾಗಿ ಕಡಿಮೆಯಾಗುವ ಕಿವಿಯ ಮಾತು. ನಿನ್ನೆ ಸರಿ ಇದ್ದ ಕಿವಿ ಇವತ್ತು ಬೆಳಿಗ್ಗೆ ಏಕಾಏಕಿ ಬಂದಾದರೆ, ಅದರಲ್ಲೂ ಒಂದೇ ಕಿವಿ ಆದರೆ, ನನ್ನ ಹತ್ತಿರ ಬರಬೇಡಿ, ಬೆಳ್ಳುಳ್ಳಿ ಎಣ್ಣೆಯನ್ನೂ ಹಾಕಬೇಡಿ. ಅವತ್ತೇ ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ಕೆಲವು ದಿನ ತಡವಾದರೂ ಚಿಕಿತ್ಸೆ ಫಲ ಕೊಡುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ. ಕಿವಿ ಸೋರುತ್ತಿದ್ದರೆ, ನೋವಿದ್ದರೆ, ತಲೆ ತಿರುಗುತ್ತಿದ್ದರೆ ಆಗಲೂ ಮೊದಲು ವೈದ್ಯರೇ.

ಉಳಿದವರು ಪರೀಕ್ಷೆಗೆ ಬರುವಾಗ ಅಜ್ಜಾರ ಜೊತೆ ಮಗನೊಬ್ಬನೇ ಬರುವುದು ಬೇಡ. ಯಾರ ಮಾತು ತಿಳಿಯುವುದಿಲ್ಲ ಅಂತ ಮನೆಯಲ್ಲಿ ಜಗಳವಾಗುತ್ತದೋ ಅವರೂ ಬರಲಿ. ಅವರ ದನಿಯಲ್ಲೇ ಮಶೀನ್ ಹೊಂದಿಸಿ ನೋಡೋಣ. ತಿಜೋರಿಯಲ್ಲಿ ಹಳೇದು ಇದ್ದರೆ ಅದನ್ನೂ ತನ್ನಿ, ಎಷ್ಟೋ ಸಲ ಹೊಸದು ಬೇಕಾಗುವುದೇ ಇಲ್ಲ.