ಪಿನ್‌ಪಾಯಿಂಟರ್: ಕೊನೆಯ ನಾಲ್ಕು ಬೆರಳಿನ ಹುಡುಕಾಟ

ತೊಗರಿ ಹೊಲದಲ್ಲಿ ಕಳೆ ತೆಗೆಯುವಾಗ ಕಾಲುಂಗುರ ಜಾರಿ ಬಿತ್ತು ಅಂದ್ಕೊಳ್ಳಿ. ಮೆಟಲ್ ಡಿಟೆಕ್ಟರ್ ತಂದು ಆಡಿಸಿದರೆ ಒಂದು ಕಡೆ ಕೂಗುತ್ತದೆ. ಆದರೆ ನೆಲದ ಮೇಲೆ ಆಡಿಸುವ ಅದರ ಕಾಯಿಲ್, ಅಂದರೆ ತಂತಿ ಸುರುಳಿಯ ಭಾಗ, ಊಟದ ತಟ್ಟೆಯಷ್ಟು ಅಗಲ. ಇಲ್ಲೇ ಎಲ್ಲೋ ಇದೆ ಅನ್ನುತ್ತದೆ, ಅಷ್ಟೇ. ಅಗೆದ ಮೇಲೆ ಉಂಗುರ ಗುಂಡಿಯಲ್ಲಿದೆಯೋ, ಪಕ್ಕಕ್ಕೆ ಹಾಕಿದ ಹೆಂಟೆಯೊಳಗೆ ಕೂತಿದೆಯೋ ಗೊತ್ತಾಗಲ್ಲ. ಅಲ್ಲಿಂದ ಮುಂದಿನ ಕೆಲಸ ಪಿನ್‌ಪಾಯಿಂಟರ್‌ನದು.

ಇದು ಗೇಣುದ್ದದ ಕೈ ಸಾಧನ. ತುದಿಯೊಳಗೆ ತಂತಿಯ ಸುರುಳಿ ಇರುತ್ತದೆ. ಅದರಿಂದ ಹೊರಡುವ ಕಾಂತಕ್ಷೇತ್ರ ಲೋಹಕ್ಕೆ ತಾಗಿದರೆ ಲೋಹದೊಳಗೆ ಸಣ್ಣ ಕರೆಂಟ್ ಸುತ್ತತೊಡಗುತ್ತದೆ. ಆ ಬದಲಾವಣೆಯನ್ನು ಹಿಡಿದು ಸಾಧನ ಬೀಪ್ ಅನ್ನುತ್ತದೆ, ಇಲ್ಲವೇ ಕೈಯಲ್ಲಿ ನಡುಗುತ್ತದೆ. ಹತ್ತಿರ ಹೋದಷ್ಟೂ ಬೀಪ್ ಬಿರುಸಾಗುತ್ತದೆ. ನಾಣ್ಯದಷ್ಟು ವಸ್ತುವಾದರೆ ಮೂರ್ನಾಲ್ಕು ಬೆರಳು ದೂರದಿಂದ ಹಿಡಿಯಬಹುದು, ಅದಕ್ಕಿಂತ ಜಾಸ್ತಿ ಆಸೆಪಡಬೇಡಿ. ಕೋರ್ಟ್ ಬಾಗಿಲಲ್ಲಿ ಪೊಲೀಸರು ಮೈಮೇಲೆ ಆಡಿಸುವ ಕೋಲು ಬೇರೆ, ಇದು ಬೇರೆ. ಆ ಕೋಲು ಅಗಲ, ಗುಂಡಿಗೆ ಇಳಿಯುವುದಿಲ್ಲ.

ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಆಳ ಹಿಡಿಯುತ್ತೆ ಅಂತ. ನಮ್ಮ ಕಡೆ ಮೊದಲು ಕೇಳಬೇಕಾದದ್ದು, ನಮ್ಮ ಮಣ್ಣಿನಲ್ಲಿ ಸುಮ್ನೆ ಇರುತ್ತಾ ಅಂತ. ಬೀದರ್‌ನ ಕೆಂಪು ಜಂಬಿಟ್ಟಿಗೆಯಲ್ಲಿ ಕಬ್ಬಿಣದ ಅಂಶ ತುಂಬ. ಕಲಬುರಗಿಯ ಎರಿ ಹೊಲದ ಕಪ್ಪು ಮಣ್ಣು ಬಸಾಲ್ಟ್ ಕಲ್ಲು ಸವೆದು ಆದದ್ದು, ಅದರಲ್ಲೂ ಕಬ್ಬಿಣ ಇದೆ. ಇಂಥ ಮಣ್ಣಿಗೆ ತುದಿ ತಾಗಿಸಿದರೆ ಲೋಹವೇ ಇಲ್ಲದಿದ್ದರೂ ಕೆಲವು ಸಾಧನಗಳು ಕೂಗುತ್ತವೆ. ಹಾಗಾಗಿ ಸೆನ್ಸಿಟಿವಿಟಿ, ಅಂದರೆ ಸಾಧನ ಎಷ್ಟು ಸೂಕ್ಷ್ಮವಾಗಿ ಹಿಡಿಯಬೇಕು ಅನ್ನುವುದನ್ನು, ಏರಿಸಿ ಇಳಿಸುವ ಸೌಲಭ್ಯ ಇರಲೇಬೇಕು. ಗ್ಯಾರೆಟ್ ಪ್ರೊ-ಪಾಯಿಂಟರ್ ಎಟಿ ಅನ್ನುವ ಮಾದರಿಯಲ್ಲಿ ಇದಕ್ಕೆ 3 ಹಂತಗಳಿವೆ. ಜತೆಗೆ ರೀಟ್ಯೂನ್ ಇದೆ. ತುದಿಯನ್ನು ಮಣ್ಣಿಗೆ ಒತ್ತಿ ಹಿಡಿದು ಬಟನ್ ಒಮ್ಮೆ ಒತ್ತಿದರೆ ಆ ಮಣ್ಣನ್ನು ಲೆಕ್ಕಕ್ಕೆ ಹಿಡಿಯದೆ, ಅದರೊಳಗಿನ ಲೋಹಕ್ಕೆ ಮಾತ್ರ ಕೂಗುತ್ತದೆ. ಆದರೆ ಉಂಗುರದ ಪಕ್ಕದಲ್ಲೇ ಹಾಗೆ ಒತ್ತಿದಿರೋ, ಉಂಗುರವನ್ನೂ ಮರೆತುಬಿಡುತ್ತದೆ! ಸ್ವಲ್ಪ ದೂರದ ಮಣ್ಣಿನ ಮೇಲೆ ಮಾಡಿ.

ಎರಿ ಹೊಲಕ್ಕೆ ಇನ್ನೊಂದು ಗುಣ ಇದೆ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಕೈ ಇಳಿಯುವಷ್ಟು. ಬಿರುಕಿಗೆ ಬಿದ್ದ ಉಂಗುರದ ಮೇಲೆ ಮಳೆಯಾದರೆ ಮಣ್ಣು ಉಬ್ಬಿ ಮುಚ್ಚಿಕೊಳ್ಳುತ್ತದೆ. ಮಳೆಗೆ ಮೊದಲೇ ಹುಡುಕಿ, ತುದಿ ಸಣ್ಣಗಿರುವ ಪಾಯಿಂಟರ್ ಆದರೆ ಬಿರುಕಿನೊಳಗೇ ಇಳಿಸಬಹುದು. ಒಂದು ಮಾತು, ಸುತ್ತು ಪೂರ್ತಿ ಮುಚ್ಚಿದ ಉಂಗುರ ಸುಲಭಕ್ಕೆ ಸಿಗುತ್ತದೆ. ತೆಳ್ಳನೆ ಸರ ಮಾತ್ರ ಕಷ್ಟ. ಎಷ್ಟೇ ಉದ್ದವಿದ್ದರೂ ಸಾಧನಕ್ಕೆ ಅದು ಬಿಡಿಬಿಡಿ ಸಣ್ಣ ಕೊಂಡಿಗಳಂತೆಯೇ ಕಾಣುತ್ತದೆ.

ಎಲ್ಲಿ ಹುಡುಕಬಾರದು ಅನ್ನುವುದು ನನಗೆ ಸಾಧನಕ್ಕಿಂತ ದೊಡ್ಡ ವಿಷಯ. ಸನ್ನತಿ, ಮಳಖೇಡ, ಬೀದರ್ ಕೋಟೆಯಂಥ ಹಳೇ ಐತಿಹಾಸಿಕ ಜಾಗಗಳಲ್ಲಿ ದಯವಿಟ್ಟು ಬೇಡ. ರಕ್ಷಿತ ಸ್ಥಳದಲ್ಲಿ ಅನುಮತಿ ಇಲ್ಲದೆ ಅಗೆಯುವುದು 1958ರ ಪುರಾತನ ಸ್ಮಾರಕಗಳ ಕಾಯ್ದೆಯಂತೆ ಅಪರಾಧ. ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ 'ರಾಯ ಅಸೋಕೊ' ಎಂದು ಬರೆದ ಅಶೋಕನ ಶಿಲ್ಪವೂ ಸಿಕ್ಕಿತು, ಶಾತವಾಹನರ ನಾಣ್ಯಗಳೂ ಸಿಕ್ಕವು. ಅಂಥ ನಾಣ್ಯ ಯಾವ ಪದರದಲ್ಲಿತ್ತು ಅನ್ನುವುದರಿಂದಲೇ ಆ ಪದರದ ಕಾಲ ಗೊತ್ತಾಗುವುದು. ಕಿತ್ತು ಜೇಬಿಗೆ ಹಾಕಿಕೊಂಡರೆ ಆ ಸುಳಿವು ಹೋಯಿತು, ಅಲ್ವಾ? ಸ್ವಂತ ಹೊಲದಲ್ಲೇ ಹಳೇ ನಾಣ್ಯ ಸಿಕ್ಕರೂ ಅಗೆಯುವುದನ್ನು ನಿಲ್ಲಿಸಿ ತಹಶೀಲ್ದಾರರಿಗೋ ಜಿಲ್ಲಾಧಿಕಾರಿ ಕಚೇರಿಗೋ ತಿಳಿಸಿ.

ಇನ್ನುಳಿದದ್ದು ಸಣ್ಣಪುಟ್ಟದ್ದು. ಬಣ್ಣ ಕಿತ್ತಳೆ ಇರಲಿ, ಕಪ್ಪು ಮಣ್ಣಲ್ಲಿ ಕಪ್ಪು ಸಾಧನ ಇಟ್ಟರೆ ಅದನ್ನೇ ಹುಡುಕಬೇಕಾದೀತು. 9 ವೋಲ್ಟ್ ಬ್ಯಾಟರಿಯದಾದರೆ ಸೆಲ್ ಊರ ಅಂಗಡಿಯಲ್ಲೇ ಸಿಗುತ್ತದೆ. ಕೆಸರಿಗೆ ಇಳಿಸುವವರಿಗೆ ನೀರು ನುಗ್ಗದ ಮಾದರಿಯೇ ಬೇಕು. ದೊಡ್ಡ ಡಿಟೆಕ್ಟರ್‌ನ ಕಾಯಿಲ್ ಪಕ್ಕ ಇದನ್ನು ಆನ್ ಮಾಡಿದರೆ ಎರಡೂ ಗೊಂದಲಕ್ಕೆ ಬಿದ್ದು ಕೂಗುತ್ತವೆ, ದೂರ ಇಡಿ.

ತಂದ ದಿನವೇ ಬಕೆಟ್‌ನಲ್ಲಿ ನಿಮ್ಮದೇ ಹೊಲದ ಮಣ್ಣು ತುಂಬಿ ಪರೀಕ್ಷೆ ಮಾಡಿ. ಬಕೆಟ್ ಪ್ಲಾಸ್ಟಿಕ್‌ನದೇ ಇರಲಿ, ಹಿಡಿಕೆಗೆ ಕಬ್ಬಿಣದ ತಂತಿ ಇದ್ದರೆ ಬಿಚ್ಚಿಡಿ. ಮೊದಲು ಬರೀ ಮಣ್ಣಿಗೆ ತುದಿ ಒತ್ತಿ, ಆಮೇಲೆ ಎರಡು ಬೆರಳು ಆಳಕ್ಕೆ ಕಾಲುಂಗುರ ಹೂತು ನೋಡಿ. ಬರೀ ಮಣ್ಣಿಗೇ ಕೂಗಿದರೆ ಸೆನ್ಸಿಟಿವಿಟಿ ಒಂದು ಹಂತ ಇಳಿಸಿ. ತೀರಾ ಕೆಳಗಿನ ಹಂತದಲ್ಲೂ ಕೂಗುತ್ತಿದ್ದರೆ ವಾಪಸ್ ಕೊಡಿ.